ಉಪ್ಪು ಜಾಸ್ತಿಯಾದ ವಾರ

"ಇವತ್ತೂ ಉಪ್ಪು ಸುರಿದಿದ್ದೀಯಲ್ಲಮ್ಮ, ಇದನ್ನ ಮನುಷ್ಯರು ತಿನ್ನೋಕಾಗತ್ತಾ?"

ಮಗ ತಟ್ಟೆ ತಳ್ಳಿದ ಸದ್ದು ಅಡುಗೆಮನೆಯ ಕಿಟಕಿಯಿಂದ ಹೊರಬಿದ್ದು, ಕೆಳಗಿನ ಮನೆಯ ಟೈಲರಮ್ಮನಿಗೂ ಮೇಲಿನ ಮನೆಯ ಕಂಡಕ್ಟರಮ್ಮನಿಗೂ ಒಟ್ಟಿಗೇ ಕೇಳಿಸಿತು. ಒಂದರ ಮೇಲೊಂದಿದ್ದ ಆ ಮೂರು ಅಡುಗೆಮನೆಗಳ ಕಿಟಕಿಗಳು ಒಂದೇ ಇಕ್ಕಟ್ಟಾದ ಸಂದಿಗೆ ತೆರೆಯುತ್ತಿದ್ದವು. ರೋಗ ಊರಿಗೆ ಬಂದು ಬಾಗಿಲುಗಳೆಲ್ಲ ಮುಚ್ಚಿಕೊಂಡ ಮೇಲೆ ಮೂವರು ವಯಸ್ಸಾದ ಹೆಂಗಸರಿಗೆ ಆ ಸಂದಿಯೇ ಜಗಲಿ. ತರಕಾರಿ, ಮಾತ್ರೆ, ಬೆರಳಿಗೆ ಸಿಕ್ಕಿಸಿ ಉಸಿರಿನ ಬಲ ನೋಡುವ ಪುಟ್ಟ ಮಿಷನ್ನು, ಎಲ್ಲವೂ ಹಗ್ಗಕ್ಕೆ ಕಟ್ಟಿದ ಚೀಲದಲ್ಲಿ ಅಲ್ಲೇ ಹತ್ತಿ ಇಳಿಯುತ್ತಿದ್ದವು. ಹೋದ ತಿಂಗಳು ಟೈಲರಮ್ಮ ಅದೇ ರೋಗ ಹತ್ತಿ ಒಬ್ಬಳೇ ಮಲಗಿದ್ದಾಗ ಅವಳನ್ನು ಉಳಿಸಿದ್ದು ಆ ಚೀಲವೇ.

ನಡುವಿನ ಮನೆಯ ತಾಯಿ ಮಗನಿಗೆ ಉತ್ತರ ಕೊಡಲಿಲ್ಲ. ಯಾವತ್ತೂ ಕೊಟ್ಟವಳಲ್ಲ. ಪಕ್ಕದಲ್ಲಿ ನಿಂತವರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತಿದ್ದ ಅವಳಿಗೆ ಉಳಿದಿಬ್ಬರು ಮೆಲ್ಲಕ್ಕ ಅಂತಲೇ ಹೆಸರಿಟ್ಟಿದ್ದರು. ಮಗನಿಗೋ, ಆಫೀಸಿಗೆ ಬೀಗ ಬಿದ್ದಮೇಲೆ ಉಳಿದಿದ್ದ ಒಂದೇ ಕೆಲಸ ಅಂದರೆ ತಟ್ಟೆಯ ಮುಂದೆ ಕೂತು ತಪ್ಪು ಹುಡುಕುವುದು. ಒಂದು ವಾರದಿಂದ ಅವನಿಗೆ ಕೈತುಂಬ ಕೆಲಸವಿತ್ತು.

ಅವನು ಎದ್ದುಹೋದ ಮೇಲೆ ಟೈಲರಮ್ಮ ಕಿಟಕಿಗೆ ಮುಖ ಕೊಟ್ಟು ಕೇಳಿದಳು. "ಮೆಲ್ಲಕ್ಕ, ಬೆಳಿಗ್ಗೆ ನಿಮ್ಮನೇಲಿ ಹಾಲು ಸೀದಿದ್ದು ನಮ್ಮನೆ ತನಕ ವಾಸನೆ ಬಂತು. ನಿನಗೆ ಬರ್ಲಿಲ್ವಾ?"

"ಇಲ್ಲ ಕಣೇ. ಪಾತ್ರೆ ಕಪ್ಪಾಗಿದ್ದು ನೋಡಿದ ಮೇಲೇ ಗೊತ್ತಾಗಿದ್ದು."

"ಅಡುಗೆ ರುಚಿ ನೋಡಲ್ವಾ ನೀನು?"

"ನೋಡ್ತೀನಿ." ಮೆಲ್ಲಕ್ಕ ಉಸಿರು ತೆಗೆದುಕೊಳ್ಳಲು ನಿಂತಳು. "ಎಷ್ಟು ಹಾಕಿದ್ರೂ ಸಪ್ಪೆ ಅನ್ಸತ್ತೆ. ಅದಕ್ಕೇ... ಇನ್ನೊಂದು ಚೂರು ಹಾಕ್ತೀನಿ."

ಟೈಲರಮ್ಮನಿಗೆ ಥಟ್ಟನೆ ಹೊಳೆಯಿತು. ತನಗೆ ಆ ರೋಗ ಬಂದಾಗಲೂ ಕಾಫಿಗೂ ಬಿಸಿನೀರಿಗೂ ವ್ಯತ್ಯಾಸವೇ ತಿಳಿದಿರಲಿಲ್ಲ. ಅವಳು ಕೂಗಿ ಹೇಳುವ ಮೊದಲೇ ಮೇಲಿನಿಂದ ಚೀಲ ಇಳಿಯಿತು. ಕಂಡಕ್ಟರಮ್ಮ ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ತನ್ನ ಹಳೆಯ ದನಿಯಲ್ಲಿ, "ಬೆರಳು ಸಿಕ್ಕಿಸು ಮೆಲ್ಲಕ್ಕ, ಎಷ್ಟು ಬಂತು ಹೇಳು," ಎಂದಳು. ತೊಂಬತ್ತೆರಡು ಬಂತು. ಟೈಲರಮ್ಮ ಮಾಸ್ಕು ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು.

ಮಗ ಬಾಗಿಲನ್ನು ನಾಲ್ಕು ಬೆರಳಷ್ಟೇ ತೆಗೆದ.

"ನಿಮ್ಮಮ್ಮನಿಗೆ ರುಚಿ ವಾಸನೆ ಎರಡೂ ಹೋಗಿದೆಯಪ್ಪ. ಅದೇ ರೋಗ. ಮೊದಲು ಅವಳನ್ನ ಒಲೆ ಮುಂದಿಂದ ಕರ್ಕೊಂಡು ಬಾ."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಹೆತ್ತವಳ ವಿಷಯ, ಮೊದಲು ಹೇಗಿದ್ದಾಳೆ ಅಂತ ಕೇಳಬೇಕಿತ್ತು. ಅವನು ಕೇಳಿದ್ದು ಬೇರೆ. "ಹಾಗಾದ್ರೆ ಇಷ್ಟು ದಿನ ಅವಳ ಕೈ ಅಡುಗೇನೇ ತಿಂದ್ವಲ್ಲ, ನಮ್ಮ ಗತಿ ಏನು?" ಒಳಗಿನ ಕೋಣೆಯಿಂದ ಸೊಸೆಯ ದನಿ ಬಂತು. "ರಾತ್ರಿ ಊಟಕ್ಕೇನ್ರೀ ಮಾಡೋದು?"

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಅವಳಿಗೆ ಉಸಿರಾಡೋದೇ ಕಷ್ಟ ಆಗಿದೆ, ನಿಮಗೆ ಊಟದ ಚಿಂತೆಯಾ? ವಾರದಿಂದ ಮೂರು ಹೊತ್ತೂ ಬೈದ್ರಲ್ಲ, ಒಬ್ಬರಾದ್ರೂ ಅವಳ ಹಣೆ ಮುಟ್ಟಿ ನೋಡಿದ್ರಾ?"

"ನಮ್ಮನೆ ವಿಷಯ ನಮಗೆ ಬಿಡಿ," ಎಂದ ಮಗ. " ನಿಮ್ಮ ನಾಲಿಗೆ ತುಂಬಾ ಉದ್ದ ಆಯ್ತು."

"ಎಷ್ಟುದ್ದ ಅಂತ ಆಮೇಲೆ ಅಳೆಯೋಣ, ಟೇಪು ನನ್ನ ಹತ್ರಾನೇ ಇದೆ. ಈಗ ದಾರಿ ಬಿಡು."

ಅಡುಗೆಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಮೆಲ್ಲಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಟೈಲರಮ್ಮ ಅವಳ ತೋಳಿಗೆ ಕೈಕೊಟ್ಟು ಹೊರಡಿಸಿದರೆ, ಈ ಪುಣ್ಯಾತಗಿತ್ತಿ ಹಿಂದಕ್ಕೆ ತಿರುಗಿ ನೋಡುತ್ತಾಳೆ. "ಒಲೆ ಮೇಲೆ ಅನ್ನ ಇದೆ ಕಣೇ, ತಳ ಹತ್ತತ್ತೆ." ಹತ್ತಲಿ ಬಿಡು ಎಂದು ಟೈಲರಮ್ಮ ಅವಳನ್ನು ಮೆಟ್ಟಿಲಿಳಿಸಿದಳು. ತಡೆಯಲು ಯಾರೂ ಬರಲಿಲ್ಲ. ಹತ್ತಿರ ಬರುವ ಧೈರ್ಯವೂ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ತನ್ನ ಮನೆಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಗೋಡೆಗೆ ಸರಿಸಿ ಟೈಲರಮ್ಮ ಸಂದಿಯ ಕಿಟಕಿಯ ಪಕ್ಕ ಹಾಸಿಗೆ ಹಾಸಿದಳು. ಕಂಡಕ್ಟರಮ್ಮ ಫೋನಿನಲ್ಲಿ ಡಾಕ್ಟರನ್ನು ಹಿಡಿದು, ಅವರು ಹೇಳಿದ್ದನ್ನೆಲ್ಲ ಸಂದಿಯಿಂದ ಕೂಗಿ ಹೇಳಿದಳು. ಮಾತ್ರೆ ನುಂಗಿ ಬೋರಲು ಮಲಗಬೇಕು, ಒಲೆ ಕಡೆ ತಲೆ ಹಾಕಬಾರದು, ತೊಂಬತ್ತಕ್ಕಿಂತ ಕೆಳಗೆ ಹೋದರೆ ತಡಮಾಡದೆ ಆಸ್ಪತ್ರೆ. ಆಂಬುಲೆನ್ಸಿನ ನಂಬರನ್ನು ಅವಳು ಆಗಲೇ ಬಾಯಿಪಾಠ ಮಾಡಿಕೊಂಡಿದ್ದಳು. ಸಂಜೆಯವರೆಗೂ ಮಿಷನ್ನು ತೊಂಬತ್ತೆರಡು, ತೊಂಬತ್ತಮೂರರಲ್ಲೇ ನಿಂತಿತ್ತು. ಮೆಲ್ಲಕ್ಕನಿಗೆ ಒಂದಿಷ್ಟು ನಿದ್ದೆ ಹತ್ತಿತು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಟೈಲರಮ್ಮ ಅದೇ ಮೊದಲು ನೋಡಿದ್ದು.

ದೀಪ ಹಾಕುವ ಹೊತ್ತಿಗೆ ನಡುವಿನ ಮನೆಯ ಕಿಟಕಿಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಮಗನ ದನಿ.

"ಅಮ್ಮಾ..."

ಮೆಲ್ಲಕ್ಕ ಕಣ್ಣು ಬಿಟ್ಟಳು. ಟೈಲರಮ್ಮ ಕಿಟಕಿಗೆ ಕಿವಿಗೊಟ್ಟಳು. ಈಗಲಾದರೂ ಹೇಗಿದ್ದೀಯ ಅಂತ ಕೇಳುತ್ತಾನೆ ಅಂದುಕೊಂಡಳು.

"ಅಮ್ಮಾ, ಉಪ್ಪು ಎಷ್ಟು ಹಾಕ್ಬೇಕು?"

ಟೈಲರಮ್ಮ ಸರ್ರನೆ ಎದ್ದಳು, ಬಾಯಿಗೆ ಬಂದಷ್ಟು ಬೈದುಬಿಡಬೇಕು ಅಂತ. ಮೆಲ್ಲಕ್ಕ ಅವಳ ಕೈ ಹಿಡಿದು ಕೂರಿಸಿದಳು. ಆಮೇಲೆ ಮೊಣಕೈ ಊರಿ ಎದ್ದು, ಕಿಟಕಿಯ ಕಡೆ ತಿರುಗಿ, ಎರಡು ಸಲ ಉಸಿರೆಳೆದುಕೊಂಡು, ಮೇಲಿನ ಮನೆಯ ಕಂಡಕ್ಟರಮ್ಮನಿಗೂ ಕೇಳಿಸುವ ಹಾಗೆ ಹೇಳಿದಳು.

"ಉದ್ದ ನಾಲಿಗೆ ಇರೋದು ನಿನಗಲ್ವಾ ಮಗನೇ, ರುಚಿ ನೋಡಿ ಹಾಕ್ಕೋ."