ಖಾಲಿ ಸೀಸೆ

ನಮ್ಮ ಹೈಸ್ಕೂಲಿನಲ್ಲಿ ಪ್ರತಿ ಶನಿವಾರ ನಮ್ಮ ಹಣೆಗೆ ಪಟ್ಟಿ ಕಟ್ಟಿ, ಹವ್ಯಾಸದ ಖುಷಿಯನ್ನೆಲ್ಲ ಎಳೆದು ಸೀಸೆಗೆ ತುಂಬುತ್ತಾರೆ. ಸೋಮವಾರ ಗಣಿತದ ಪೀರಿಯಡ್ಡಿಗೆ ಮುಂಚೆ ಅದನ್ನೇ ಇಡೀ ತರಗತಿಗೆ ಮೂಸಲು ಕೊಡುತ್ತಾರೆ. ಯಾರೂ ತೂಕಡಿಸುವುದಿಲ್ಲ. ಶಾಲೆಗೆ ಸೇರುವಾಗ ಅರ್ಜಿಯಲ್ಲಿ ಬರೆದುಕೊಟ್ಟ ಹವ್ಯಾಸವನ್ನಷ್ಟೇ ಆ ಪಟ್ಟಿ ಹುಡುಕುತ್ತದೆ. ಅದಕ್ಕೇ ನಾನು ಅಂಚೆಚೀಟಿ ಸಂಗ್ರಹ ಎಂದು ಬರೆದಿದ್ದೆ. ನಮ್ಮ ಮನೆಯಲ್ಲಿ ಒಂದು ಅಂಚೆಚೀಟಿಯೂ ಇಲ್ಲ.

ಪೋಷಕರ ಸಭೆಯಲ್ಲಿ ನಾಗಭೂಷಣ ಮೇಷ್ಟ್ರು ನನ್ನ ಸೀಸೆಯನ್ನು ಅಮ್ಮನ ಮುಂದಿಟ್ಟರು. "ನೋಡಿ, ಎರಡು ವರ್ಷದಿಂದ ಒಂದು ತೊಟ್ಟೂ ಇಲ್ಲ. ನಿಮ್ಮ ಹುಡುಗಿಗೆ ಯಾವುದರಲ್ಲೂ ಆಸಕ್ತೀನೇ ಇಲ್ವಲ್ಲಮ್ಮ."

ನಾನು ಅಮ್ಮನ ಸೆರಗು ಎಳೆದೆ. ಎಲ್ಲರೆದುರು ಮಗಳ ಮರ್ಯಾದೆ ಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಯಾಕಿಲ್ಲ ಸಾರ್! ಕೆಟ್ಟಿರೋ ರೇಡಿಯೋ ಸಿಕ್ಕಿದ್ರೆ ಇವ್ಳಿಗೆ ಊಟಾನೂ ಬೇಡ. ಬಿಚ್ಚಿ ರಿಪೇರಿ ಮಾಡ್ತಾ ಒಬ್ಳೇ ನಗ್ತಿರ್ತಾಳೆ."

ಮೇಷ್ಟ್ರು ನನ್ನ ಅರ್ಜಿಯಲ್ಲಿದ್ದ ಅಂಚೆಚೀಟಿ ಸಂಗ್ರಹದ ಮೇಲೆ ಗೀಟು ಎಳೆದು, ರೇಡಿಯೋ ರಿಪೇರಿ ಎಂದು ಬರೆದುಕೊಂಡರು.

ಆ ಶನಿವಾರ ನನ್ನ ಸೀಸೆ ತುಂಬಿ ತುಳುಕಿತು. ಸೋಮವಾರ ಇಡೀ ತರಗತಿ ನಗುನಗುತ್ತಾ ಲೆಕ್ಕ ಮಾಡಿತು. ಪೀರಿಯಡ್ ಮುಗಿಯುವವರೆಗೆ ನಾನೂ ನಕ್ಕೆ.

ಸಂಜೆ ಅಮ್ಮ ಪಕ್ಕದ ಮನೆಯಿಂದ ಹಳೇ ರೇಡಿಯೋ ಒಂದನ್ನು ತಂದು ನನ್ನ ಮುಂದಿಟ್ಟಳು. "ಮಾತೇ ಆಡ್ತಿಲ್ವಂತೆ, ಏನಾಗಿದೆ ನೋಡೇ ಪುಟ್ಟಿ."

ನಾನು ಅದನ್ನು ಮುಟ್ಟಲೂ ಇಲ್ಲ.

"ಗುಜರಿಗೆ ಹಾಕಮ್ಮ" ಎಂದೆ.