ಸಾಯದ ಜೀವಕೋಶಗಳು

ಒಂದಾದರೂ ಕುಂದು ಸಿಗಲಿ ಎಂದುಕೊಳ್ಳುತ್ತಲೇ ಸುಕನ್ಯಾ, ತಂಗಿಯ ಹಸುಗೂಸಿನ ಎಡಗಾಲಿನ ಕಾಲುಚೀಲ ಎಳೆದಳು. ಒಂಬತ್ತು ವರ್ಷವಾದರೂ ತನಗೆ ದಕ್ಕದ ಮಗು, ರಂಜಿತಳಿಗೆ ಮದುವೆಯಾದ ವರ್ಷಕ್ಕೇ ಹುಟ್ಟಿತ್ತು. "ಮೂಗು ನಂದು, ಅಣೆ ಅವರಪ್ಪಂದು ಕಣಮ್ಮ," ಎಂದು ಅವ್ವ ಆಗಲೇ ಪಕ್ಕದ ಮನೆಯ ನಿಂಗಮ್ಮನ ಮುಂದೆ ಮಗುವನ್ನು ಪಾಲು ಹಾಕುತ್ತಿದ್ದಳು.

ಕುಂದು ಸಿಕ್ಕಿತು. ಎರಡು ಬೆರಳು ಅಂಟಿಕೊಂಡಿದ್ದವು. ಮಳವಳ್ಳಿಯ ಕಾಲೇಜಿನಲ್ಲಿ ಸುಕನ್ಯಾ ಇದನ್ನೇ ಪಾಠ ಮಾಡುತ್ತಾಳೆ: ಗರ್ಭದಲ್ಲಿ ಪಾದ ಮೊದಲು ಸೌಟಿನಂತಿರುತ್ತದೆ, ನಡುವಿನ ಜೀವಕೋಶಗಳು ಹೊತ್ತಿಗೆ ಸರಿಯಾಗಿ ತಾವೇ ಸತ್ತು ಜಾಗ ಬಿಟ್ಟಾಗ ಬೆರಳುಗಳು ಬಿಡಿಯಾಗುತ್ತವೆ. ಇಲ್ಲಿ ಅವು ಸತ್ತಿರಲಿಲ್ಲ. ಅವಳು ಸದಾ ಸೀರೆಯ ನೆರಿಗೆಯಲ್ಲಿ ಮರೆಮಾಡುವ ತನ್ನ ಎಡಗಾಲಿನಲ್ಲೂ ಸತ್ತಿರಲಿಲ್ಲ.

"ನೋಡ್ದಾ ಅಕ್ಕ?" ರಂಜಿತ ಪಿಸುಗುಟ್ಟಿದಳು. "ಯಾರ್ಗೂ ತೋರಿಸ್ಬ್ಯಾಡ ಅಂತ ಅವ್ವಂಗೆ ಯೋಳಿದ್ದೆ. ಮೊದ್ಲು ನೀನೇ ನೋಡ್ಬೇಕಿತ್ತು. ಇದು ನಿಂದೇ ಕಣಕ್ಕ."

"ಏನವ್ವ ಅದು, ಕಾಲ್ಗೇನಾಗೈತೆ?" ನಿಂಗಮ್ಮ ಬಗ್ಗಿದಳು.

ಸುಕನ್ಯಾ ಥಟ್ಟನೆ ಕಾಲುಚೀಲ ತೊಡಿಸಿ, ಆ ಪುಟ್ಟ ಪಾದವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಏನಿಲ್ಲ ಬುಡಮ್ಮ. ನೀನು ಮೂಗು ನೋಡ್ಕೊ."