ಕೊಟ್ಟು ಕಳಿಸಿದ್ದು

“ಅಲ್ಲಾಡಬೇಡಿ! ಅಲ್ಲಿಯೇ ಕೂತಿರಿ!”

ನಬೀಸಾಳ ಕೂಗು ಕೊರಕಲಿನ ಎರಡೂ ಬದಿಗೆ ಬಡಿದು ಅವಳಿಗೇ ಮರಳಿ ಕೇಳಿಸಿತು. ಕಾಲುದಾರಿಗೆ ಅಡ್ಡವಾಗಿ ಬೆಳ್ಳಗೆ ಹಾಸಿಕೊಂಡಿದ್ದ ಆಲಿಕಲ್ಲಿನ ಇಳಿಜಾರಿನ ನಡುವೆ ಅವಳ ಗಂಡ ಇದಿನಬ್ಬ ಕಾಲು ಚಾಚಿ ಕೂತಿದ್ದರು. ನಿನ್ನೆ ಸಂಜೆ ಸೌದಿಯ ಅಭಾದ ಬೆಟ್ಟಗಳ ಮೇಲೆ ಸುರಿದದ್ದೆಲ್ಲ ಬಿಸಿಲು ತಾಗಿದಲ್ಲಿ ಕರಗಿಹೋಗಿತ್ತು. ಈ ನೆರಳಿನ ಕೊರಕಲಿನಲ್ಲಿ ಮಾತ್ರ ಗಟ್ಟಿಯಾಗಿ, ಹಿಮದ ಹಾಗೆ ಉಳಿದಿತ್ತು. ಇದಿನಬ್ಬರ ಪಾದದಿಂದ ಒಂದು ಮಾರು ಆಚೆ ಆ ಬಿಳುಪು ಮುಗಿಯುತ್ತಿತ್ತು. ಅದರ ಕೆಳಗೆ ಬರೀ ಗಾಳಿ.

ತಾವು ದುಡಿಯುವ ಜಿಜಾನಿನ ಧಗೆಯಲ್ಲಿ ಕೂತು ಮೊಬೈಲಿನಲ್ಲಿ ಬಿಳಿ ಬೆಟ್ಟದ ವಿಡಿಯೋ ನೋಡಿದವರು ಅವರೇ. “ಮುಂದಿನ ವಾರ ಎಕ್ಸಿಟ್, ಇಲ್ಲಿಯ ಕೆಲಸ ಮುಗಿಯಿತು. ಇಷ್ಟು ವರ್ಷ ಇದ್ದು ಇದನ್ನೊಂದು ನೋಡದೆ ಊರಿಗೆ ಹೋಗುವುದಾ ಮಾರಾಯ್ತಿ?” ಎಂದು, ಊರಿನಿಂದ ಮೊದಲ ಸಲ ಇಲ್ಲಿಗೆ ಬಂದಿದ್ದ ಅವಳನ್ನು ನಸುಕಿನಲ್ಲೇ ಗಾಡಿ ಹತ್ತಿಸಿದವರೂ ಅವರೇ. ಗಾಡಿ ನಿಲ್ಲಿಸಿದಲ್ಲಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡರು. ತಿಂಡಿಯ ಡಬ್ಬಿ ತೆರೆಯುವಷ್ಟರಲ್ಲಿ ಬೆಟ್ಟದ ಕಡೆ ನೋಡಿ, “ಬಿಸಿಲೇರಿದರೆ ಕರಗುತ್ತದೆ, ನೋಡಿ ಬಂದು ತಿನ್ನುವ” ಎಂದು ಹೊರಟೇಬಿಟ್ಟರು. ಈಗ ಆ ಚಳಿಗಾಳಿಯಲ್ಲೂ ಅವರ ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕಣ್ಣು ಅವಳ ಕಡೆಗಿದ್ದರೂ ಅವಳನ್ನು ಕಾಣುತ್ತಿರಲಿಲ್ಲ. ಏನೂ ತಿನ್ನದೆ ರಕ್ತದ ಸಕ್ಕರೆ ಇಳಿದಿದೆ ಎಂದು ನಬೀಸಾಳಿಗೆ ಹೊಳೆಯಿತು. ಫೋನಿಗೆ ಸಿಗ್ನಲ್ ಇಲ್ಲ. ಹತ್ತಿರದಲ್ಲಿ ನರಪಿಳ್ಳೆಯಿಲ್ಲ. ಚೀಲದಲ್ಲಿ ಒಂದು ಪೊಟ್ಟಣ ಮಾವಿನ ಜ್ಯೂಸ್ ಇತ್ತು.

ಅವಳು ಪರ್ದಾವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಆಲಿಕಲ್ಲಿನ ಮೇಲೆ ಕೂತು, ಹಿಮ್ಮಡಿಯಿಂದ ಗುದ್ದಿ ಗುದ್ದಿ ಗುಳಿ ಮಾಡುತ್ತ ಜರುಗತೊಡಗಿದಳು.

“ಯಾರು ನೀವು?” ಎಂದರು ಇದಿನಬ್ಬ.

ಮದುವೆಯಾದಂದಿನಿಂದ ‘ನೀನು’ ಎಂದೇ ಕರೆದ ಬಾಯಿ ಅದು. ಕಾಲಡಿಯ ಪ್ರಪಾತಕ್ಕಿಂತ ಆ ‘ನೀವು’ ಅವಳನ್ನು ಹೆಚ್ಚು ಹೆದರಿಸಿತು.

“ನಾನು! ನಬೀಸಾ!”

“ಸುಳ್ಳು! ನಬೀಸಾ ಊರಿನಲ್ಲಿದ್ದಾಳೆ.” ಅವರು ಗಾಬರಿಯಿಂದ ಅಂಚಿನ ಕಡೆಗೇ ಸರಿದರು. ಒಂದು ಹಿಡಿ ಆಲಿಕಲ್ಲು ಜರ್ರನೆ ಜಾರಿ ಕೆಳಗೆ ಬಿತ್ತು. ಅದು ತಳ ಮುಟ್ಟಿದ ಸದ್ದು ಕೇಳಿಸಲಿಲ್ಲ.

ನಬೀಸಾ ತಕ್ಷಣ ಮಾತು ಬದಲಿಸಿದಳು. “ಹೌದು, ಹೌದು. ನಾನು ಬೇರೆಯವಳು. ನಿಮ್ಮ ಊರಿನ ಕಡೆಯವಳು.”

ಇದಿನಬ್ಬರ ಭುಜ ಸಡಿಲವಾಯಿತು. ಅವರನ್ನು ಮಾತಿನಲ್ಲಿ ಹಿಡಿದಿಟ್ಟರೆ ಅಲುಗುವುದಿಲ್ಲ ಎಂದು ಅವಳಿಗೆ ತಿಳಿಯಿತು. “ಊರಿಗೆ ಹೋಗುವುದು ಯಾವಾಗ?” ಎಂದಳು, ಮತ್ತೊಂದು ಗುಳಿ ಗುದ್ದುತ್ತ.

“ಎಲ್ಲರೂ ಹೋಗು ಹೋಗು ಎನ್ನುತ್ತಾರೆ. ನನಗೆ ಹೆದರಿಕೆ.”

“ಎಂತ ಹೆದರಿಕೆ?”

“ಹೆಂಡತಿಗೆ ನಾನಿಲ್ಲದೆ ಅಭ್ಯಾಸವಾಗಿದೆ.” ಅವರ ನಾಲಿಗೆ ತೊದಲುತ್ತಿತ್ತು. “ರಜೆಯಲ್ಲಿ ಹೋದರೆ ನೆಂಟರು ಬಂದ ಹಾಗೆ ಕೋಳಿ ಕೊಯ್ಯಿಸುತ್ತಾಳೆ. ಹೊಸ ಚಾದರ ಹಾಸುತ್ತಾಳೆ. ಅಲ್ಲೇ ಇದ್ದುಬಿಟ್ಟರೆ ದಿನಾ ಕೋಳಿ ಕೊಯ್ಯಲಿಕ್ಕೆ ಆಗುತ್ತದಾ?”

“ನೀವು ಬರುವುದು ಬೇಡ ಎಂದು ಅವಳು ಹೇಳಿದಳಾ?”

“ಕೇಳಲಿಲ್ಲ. ಕೇಳಿ, ಅವಳು ಹೌದು ಎಂದುಬಿಟ್ಟರೆ?”

ನಬೀಸಾಳ ಹಿಮ್ಮಡಿ ಊರಿದಲ್ಲೇ ನಿಂತಿತು. ಎಕ್ಸಿಟ್ ಸುದ್ದಿ ಫೋನಿನಲ್ಲಿ ಕೇಳಿದ ದಿನ, ಇನ್ನು ಇವರು ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಇರುತ್ತಾರಲ್ಲ ಎಂಬ ದಿಗಿಲಿನಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

ಕೊನೆಗೆ ಕೈಗೆಟಕುವಷ್ಟು ಹತ್ತಿರ ಬಂದು, ಜ್ಯೂಸಿಗೆ ನಳಿಗೆ ಚುಚ್ಚಿ ಅವರ ಬಾಯಿಗೆ ಹಿಡಿದಳು. ಇದಿನಬ್ಬ ತುಟಿ ಬಿಗಿದು ಅವಳ ಕೈಯನ್ನು ತಳ್ಳಿದರು. “ಗುರುತಿಲ್ಲದವರ ಕೈಯಿಂದ ನನಗೆ ಬೇಡ.” ತಳ್ಳಿದ ರಭಸಕ್ಕೆ ಅವರ ಮೈ ಒಂದು ಬದಿಗೆ ವಾಲಿತು. ನಬೀಸಾ ಅವರ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದಳು. ಹೊಲಿಗೆ ಬಿಚ್ಚಿದ ಸದ್ದಾಯಿತು.

“ನನ್ನದಲ್ಲ,” ಎಂದಳು. “ಊರಿನಿಂದ ಬರುವಾಗ ನಿಮ್ಮ ಮನೆಯವರು ಕೊಟ್ಟು ಕಳಿಸಿದ್ದು.”

ಇದಿನಬ್ಬರ ಕೈ ತಟಕ್ಕನೆ ನಿಂತಿತು. ಇಷ್ಟು ವರ್ಷ ವಿಮಾನ ಹತ್ತುವವರು ಯಾರೇ ಸಿಕ್ಕರೂ ಅವರ ಕೈಯಲ್ಲಿ ಅವಳು ಮಿಡಿ ಉಪ್ಪಿನಕಾಯಿಯನ್ನೋ ಹಲ್ವವನ್ನೋ ಕಳಿಸಿದ್ದಳು. ಗುರುತಿಲ್ಲದ ಎಷ್ಟೋ ಜನರ ಕೈಯಿಂದ ಅವರು ಅದನ್ನು ಇಸಿದುಕೊಂಡಿದ್ದರು. ಈಗಲೂ ಹಾಗೆಯೇ ಎರಡೂ ಕೈ ಚಾಚಿ ಪೊಟ್ಟಣವನ್ನು ತೆಗೆದುಕೊಂಡು, ಅದು ಒಳಕ್ಕೆ ಮುದುಡಿಕೊಳ್ಳುವವರೆಗೆ ಹೀರಿದರು.

ನಬೀಸಾ ತೋಳು ಬಿಡಲಿಲ್ಲ. ಕೂತ ಕಡೆ ಮೈ ಮರಗಟ್ಟಿತು. ಬಿಸಿಲು ಕೊರಕಲಿನ ಅಂಚಿಗೆ ಇಳಿಯುತ್ತಿತ್ತು. ಅವರ ಅಡಿಯ ಹಾಸು ಎಲ್ಲೋ ಒಳಗೊಳಗೇ ಕಟಕಟ ಎನ್ನುತ್ತಿತ್ತು. ಅವಳು ಗೊತ್ತಿದ್ದ ದುಆಗಳನ್ನೆಲ್ಲ ಓದಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು.

“ನಬೀಸಾ,” ಎಂದರು ಇದಿನಬ್ಬ, ನಿದ್ದೆಯಿಂದ ಎದ್ದವರ ಹಾಗೆ. “ನೀನು ಇಲ್ಲಿಗೆ ಹೇಗೆ ಬಂದೆ?”

ಅವಳಿಗೆ ಅಳು ಒತ್ತರಿಸಿ ಬಂತು. “ಕೂತುಕೊಂಡೇ ಬಂದೆ. ಹಾಗೆಯೇ ಹೋಗುವ. ಕೆಳಗೆ ನೋಡಬೇಡಿ.”

ಅವಳು ಗುದ್ದಿದ ಗುಳಿಗಳಲ್ಲೇ ಕಾಲೂರುತ್ತ ಇಬ್ಬರೂ ತೆವಳಿ ದಾರಿಯ ಒಣ ಕಲ್ಲಿಗೆ ಬಂದು ಮುಟ್ಟಿದರು. ಆಮೇಲೆ ಇದಿನಬ್ಬ ಹರಿದ ತೋಳನ್ನು ಸವರಿಕೊಳ್ಳುತ್ತ ಕೇಳಿದರು, “ಅಲ್ಲಿ ನಾನು ಎಂತಾದರೂ ಮಾತಾಡಿದೆನಾ?”

ನಬೀಸಾ ಒದ್ದೆ ಪರ್ದಾದ ಅಂಚನ್ನು ಹಿಂಡಿದಳು.

“ಹೆಂಡತಿಯ ಹತ್ತಿರ ಒಂದು ಮಾತು ಕೇಳಲಿಕ್ಕೆ ಹೆದರಿಕೆ ಎಂದಿರಿ,” ಎಂದಳು ಅವರ ಮುಖ ನೋಡದೆ. “ಅವಳು ಇಲ್ಲೇ ಇದ್ದಾಳೆ. ಕೇಳಿ.”